ಐದರಲ್ಲಿ ಒಂದೇ ಬ್ಯಾಟರಿ ಹೊಸದಾ? ಹುಷಾರು!

ಹೋದ ವರ್ಷ 18,000ಕ್ಕೆ ಒಂದು ಹಳೇ ಎಲೆಕ್ಟ್ರಿಕ್ ಸ್ಕೂಟರ್ ತಂದೆ. ಇಲ್ಲಿಯವರೆಗೆ ಅದರ ರಿಪೇರಿಗೆ ಸುರಿದಿದ್ದು 21,400. ಗಾಡಿ ಮಾತ್ರ ಮನೆ ಮುಂದೆ ಸ್ಟ್ಯಾಂಡ್ ಹಾಕಿಕೊಂಡು ನಿಂತಿದೆ.

ಮಾರುವವನು ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಿ ಒಂದು ಸುತ್ತು ಓಡಿಸೋಕೆ ಕೊಟ್ಟಿದ್ದ. ಮೀಟರಿನಲ್ಲಿ ಚಾರ್ಜ್ ಫುಲ್. "ಮೊನ್ನೆ ತಾನೇ ಹೊಸ ಬ್ಯಾಟರಿ ಹಾಕ್ಸಿದೀನಿ ಅಣ್ಣ" ಅಂದ. ಸುಳ್ಳಲ್ಲ, ಹಾಕಿಸಿದ್ದ. ಗಾಡಿಯಲ್ಲಿದ್ದ ಐದರಲ್ಲಿ ಒಂದು.

ಮೂರನೇ ದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೋಟೆ ಕಡೆ ಏರು ಹತ್ತಿಸುವಾಗ ಗಾಡಿ ಕೈಕೊಟ್ಟಿತು. ಮೀಟರಿನ ಕಡ್ಡಿಗಳೆಲ್ಲ ಒಮ್ಮೆಗೇ ಮಾಯ. ಎಕ್ಸಿಲೇಟರ್ ಬಿಟ್ಟರೆ ಮೂರು ಕಡ್ಡಿ ವಾಪಸ್, ತಿರುವಿದರೆ ಮತ್ತೆ ಸೊನ್ನೆ. "ಇದಕ್ಕಿಂತ ಆಟೋನೇ ವಾಸಿ ಕಣ್ರಿ" ಅಂತ ಅವಳು ಇಳಿದು ನಡೆದಳು.

ಮೆಕ್ಯಾನಿಕ್ ಸೀಟು ಎತ್ತಿ ಐದೂ ಬ್ಯಾಟರಿಗೆ ಮೀಟರ್ ಹಿಡಿದ. ಎಲ್ಲವೂ 12.6 ವೋಲ್ಟ್ ಮೇಲೆ. ಏನೂ ತೊಂದರೆ ಇಲ್ಲವಲ್ಲ ಅನ್ನಿಸಿತು. ಆಮೇಲೆ ಲೋಡ್ ಟೆಸ್ಟರ್, ಅಂದರೆ ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ಅದರ ದಮ್ಮು ನೋಡುವ ಸಾಧನ, ತಂದು ಒತ್ತಿದ. ಅದರ ಕಾಯಿಲ್ ಕಾದು ವಾಸನೆ ಬಂತು. ಹೊಸದು 11.8ಕ್ಕೆ ನಿಂತಿತು. ಎರಡು ಹನ್ನೊಂದರ ಹತ್ತಿರ. ಉಳಿದೆರಡು ಕಣ್ಣೆದುರೇ ಎಂಟಕ್ಕೆ ಕುಸಿದವು. 10.5ಕ್ಕಿಂತ ಕೆಳಗಿಳಿದರೆ 12 ವೋಲ್ಟಿನ ಲೆಡ್ ಬ್ಯಾಟರಿ ಖಾಲಿ ಅಂತಲೇ ಲೆಕ್ಕ. ಸುಮ್ನೆ ನಿಂತಾಗಿನ ವೋಲ್ಟೇಜ್ ನೋಡಿ ಮೋಸ ಹೋಗಬೇಡಿ.

ಆ ಎರಡನ್ನು ಮಾತ್ರ ಬದಲಾಯಿಸೋಣ ಅಂದ. ತಲೆ ಆಡಿಸಿದೆ. ಅದೇ ನನ್ನ ದೊಡ್ಡ ತಪ್ಪು. ಒಂದೊಂದು 3,200. ಐದೂ ಒಂದೇ ಸಾಲಿನಲ್ಲಿರುವುದರಿಂದ ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ಯಾವುದಕ್ಕೆ ದಮ್ಮಿಲ್ಲವೋ ಅದು ಮೊದಲು ಖಾಲಿ, ಅಲ್ಲಿಗೆ ಗಾಡಿ ನಿಂತಿತು. ಚಾರ್ಜರ್ ಕೂಡ ಒಟ್ಟು ವೋಲ್ಟೇಜ್ ಮಾತ್ರ ನೋಡುತ್ತೆ. ಹಳೆಯವು ಬೇಗ ತುಂಬಿ ಬಿಸಿಯಾಗುತ್ತವೆ, ಹೊಸವು ಅರೆಹೊಟ್ಟೆಯಲ್ಲೇ ಉಳಿಯುತ್ತವೆ. ಒಂದೂವರೆ ತಿಂಗಳಿಗೆ ಇನ್ನೆರಡು ಹೋದವು, ಮತ್ತೆ 6,400. ಚಾರ್ಜರ್‌ಗೆ 2,100. ಮಳೆ ನೀರು ಇಳಿದು ಮೋಟರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ಸುಟ್ಟಿತು, 4,500. ಕೂಲಿ ಬೇರೆ. ಈಗ ಸೋತಿರುವುದು ಮಾರಿದವನು ಹಾಕಿಸಿದ್ದ ಆ "ಹೊಸ" ಬ್ಯಾಟರಿ!

ಹಳೆಯವನ್ನು ಎಕ್ಸ್‌ಚೇಂಜ್ ಹಾಕಿ ಐದನ್ನೂ ಒಟ್ಟಿಗೆ ತಂದಿದ್ದರೆ ಹದಿನೈದು ಸಾವಿರದ ಒಳಗೆ ಮುಗಿಯುತ್ತಿತ್ತು. ಹಾಗಾಗಿ ಲೆಡ್ ಬ್ಯಾಟರಿಯ ಹಳೇ ಗಾಡಿಗೆ ರೇಟು ಮಾತಾಡುವಾಗಲೇ ಐದು ಬ್ಯಾಟರಿ ದುಡ್ಡು ಸೇರಿಸಿ ನೋಡಿ. ಗಾಡಿ ಸೇರಿ 33,000 ಅಂತ ಮೊದಲೇ ಗೊತ್ತಿದ್ದರೆ ನಾನಂತೂ ಮುಟ್ಟುತ್ತಿರಲಿಲ್ಲ.

ಕಾಗದದ ಕಥೆಯೂ ಇದೆ. 250 ವ್ಯಾಟ್, 25 ಕಿ.ಮೀ. ವೇಗದ ಒಳಗಿನ ಗಾಡಿಗೆ ನೋಂದಣಿ ಬೇಡ, ಅಂದರೆ ಆರ್‌ಸಿಯೇ ಇರಲ್ಲ. ಮೊದಲ ಬಿಲ್ಲು ಇಸ್ಕೊಂಡು ಚಾಸಿಸ್ ನಂಬರ್ ತಾಳೆ ನೋಡಿ. ಬಿಡಿಭಾಗ ಊರಲ್ಲೇ ಸಿಗುತ್ತಾ ಅಂತಲೂ ಕೇಳಿ. ನನ್ನದಕ್ಕೆ ಸರಿಯಾದ ಕಂಟ್ರೋಲರ್ ಸಿಗದೆ ವೈರ್ ಕತ್ತರಿಸಿ, ಟೇಪ್ ಸುತ್ತಿ ಬೇರೆ ಕೂರಿಸಿದರು. ಅವತ್ತಿನಿಂದ ರಿವರ್ಸ್ ಇಲ್ಲ.

ಹೋದ ವಾರ ಒಬ್ಬ ಹುಡುಗ ಗಾಡಿ ಕೇಳಿಕೊಂಡು ಬಂದ. "ಬ್ಯಾಟರಿ ಹೊಸದಾ ಅಣ್ಣ?" ಅಂದ. ಕೀಲಿ ಕೊಟ್ಟು, ಗೆಳೆಯನನ್ನು ಕೂರಿಸಿಕೊಂಡು ಕೋಟೆ ಏರು ಹತ್ತಿಸಿ ಬಾ ಅಂದೆ. ಅರ್ಧ ಗಂಟೆಗೆ ಇಬ್ಬರೂ ತಳ್ಳಿಕೊಂಡು ಬಂದರು.