ಒಂದೇ ಜೀನ್, ಮೂರು ದಾರಿ: ಎಸ್‌ಐಆರ್‌ಎನ್‌ಎ, ಎಸ್‌ಎಚ್‌ಆರ್‌ಎನ್‌ಎ, ಕ್ರಿಸ್ಪರ್‌ಐ ಮೂರೂ ಮಾಡಿ ನೋಡ್ದೆ

ಹೀಲಾ ಸೆಲ್ಸ್‌ನಲ್ಲಿ (ಲ್ಯಾಬ್‌ನಲ್ಲಿ ಬೆಳೆಸೋ ಮನುಷ್ಯನ ಕ್ಯಾನ್ಸರ್ ಸೆಲ್ಸ್) ಒಂದು ಕೈನೇಸ್ (ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸೋ ಎನ್‌ಜೈಮ್) ಜೀನ್ ಸೈಲೆನ್ಸ್ ಮಾಡಿದ್ರೆ, ಅಂದ್ರೆ ಅದರ ಪ್ರೋಟೀನ್ ಆಗದ ಹಾಗೆ ಮಾಡಿದ್ರೆ ಏನಾಗತ್ತೆ ಅಂತ ನೋಡ್ಬೇಕಿತ್ತು. ಎರಡು ವಾರದ ಕೆಲಸ ಅಂದ್ಕೊಂಡಿದ್ದೆ, ಆದ್ರೆ ಮೊದಲನೇ ವಿಧಾನ ಹೇಳಿದ್ದು ನಿಜಾನೋ ಸುಳ್ಳೋ ಗೊತ್ತಾಗದೆ ಎರಡನೇದು, ಅದೂ ಸಾಲ್ದೆ ಮೂರನೇದು ಮಾಡ್ಬೇಕಾಯ್ತು.

ಶುರು ಮಾಡಿದ್ದು ಎಸ್‌ಐಆರ್‌ಎನ್‌ಎಯಿಂದ, ಎಲ್ರೂ ಮಾಡೋ ಹಾಗೆ. ಸ್ಪೀಡ್ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. 21 ನ್ಯೂಕ್ಲಿಯೋಟೈಡ್ (ಅಕ್ಷರ) ಉದ್ದದ ಎರಡೆಳೆ ಆರ್‌ಎನ್‌ಎ ತುಂಡು, ಲಿಪಿಡ್ ಜೊತೆ ಬೆರೆಸಿ ಸೆಲ್ಸ್ ಮೇಲೆ ಹಾಕೋದು ಅಷ್ಟೇ, ಒಳಗೆ ಹೋಗಿ ಒಂದು ಎಳೆ ಆರ್ಗೊನಾಟ್ 2 ಪ್ರೋಟೀನ್ ಹಿಡಿತಕ್ಕೆ ಸಿಗತ್ತೆ, ಆ ಎಳೆಗೆ ಜೋಡಿಯಾಗೋ ಎಂಆರ್‌ಎನ್‌ಎ (ಪ್ರೋಟೀನ್ ಮಾಡೋಕೆ ಬೇಕಾದ ಜೀನ್‌ನ ಆರ್‌ಎನ್‌ಎ ಪ್ರತಿ) ಸಿಕ್ರೆ ಕತ್ತರಿಸಿ ಹಾಕತ್ತೆ. 1998ರಲ್ಲಿ ಫೈರ್ ಮತ್ತು ಮೆಲ್ಲೋ ಅನ್ನೋ ವಿಜ್ಞಾನಿಗಳು ಹುಳದಲ್ಲಿ ಜೀನ್ ಸೈಲೆನ್ಸ್ ಮಾಡಿ ತೋರಿಸಿದ್ದು ಉದ್ದದ ಎರಡೆಳೆ ಆರ್‌ಎನ್‌ಎಯಿಂದ, ಅದನ್ನ ಹಾಗೇ ಮನುಷ್ಯನ ಸೆಲ್ಸ್‌ಗೆ ಹಾಕಿದ್ರೆ ವೈರಸ್ ಬಂದಿದೆ ಅಂತ ಇಂಟರ್‌ಫೆರಾನ್ ಎದ್ದು ಎಲ್ಲಾ ಕೆಡತ್ತೆ. 2001ರಲ್ಲಿ ಟುಶ್ಲ್ ಅವರ ಗುಂಪು ಚಿಕ್ಕ ತುಂಡು ಹಾಕಿದ್ರೆ ಆ ರಗಳೆ ಇಲ್ಲ ಅಂತ ತೋರಿಸಿದ್ದರಿಂದಲೇ ನಾವೆಲ್ಲ ಇವತ್ತು ಇಷ್ಟು ಸುಲಭವಾಗಿ ಮಾಡ್ತಿರೋದು.

48 ಗಂಟೆಗೆ ಕ್ಯೂಪಿಸಿಆರ್ (ಎಂಆರ್‌ಎನ್‌ಎ ಅಳೆಯೋ ಟೆಸ್ಟ್) ನೋಡ್ದೆ, ಎಂಆರ್‌ಎನ್‌ಎ ಐದರಲ್ಲಿ ಒಂದು ಭಾಗ ಮಾತ್ರ ಉಳಿದಿತ್ತು, ಖುಷಿಯಾಯ್ತು. ಅದೇ ದಿನ ವೆಸ್ಟರ್ನ್ (ಪ್ರೋಟೀನ್ ಎಷ್ಟಿದೆ ಅಂತ ನೋಡೋ ಟೆಸ್ಟ್) ಮಾಡಿದ್ರೆ ಪ್ರೋಟೀನ್ ಬ್ಯಾಂಡ್ ಹಾಗೇ ಇದೆ! ಆರ್‌ಎನ್‌ಎಐ (ಹೀಗೆ ಚಿಕ್ಕ ಆರ್‌ಎನ್‌ಎಯಿಂದ ಜೀನ್ ಇಳಿಸೋದು) ಹೊಸ ಪ್ರೋಟೀನ್ ಆಗೋದನ್ನ ಮಾತ್ರ ನಿಲ್ಲಿಸತ್ತೆ, ಆಗಲೇ ಇರೋದು ತಾನಾಗೇ ಕರಗೋವರೆಗೂ ಕಾಯ್ಲೇಬೇಕು, ನನ್ನ ಪ್ರೋಟೀನ್ ಬಾಳಿಕೆ ಜಾಸ್ತಿ. ಅದು ಅರ್ಧಕ್ಕೆ ಇಳಿಯೋ ಹೊತ್ತಿಗೆ ಸೆಲ್ಸ್ ಡಿವೈಡ್ ಆಗ್ತಾ ಆಗ್ತಾ ಒಳಗಿದ್ದ ಎಸ್‌ಐಆರ್‌ಎನ್‌ಎ ಹಂಚಿಹೋಗಿ ಎಂಆರ್‌ಎನ್‌ಎ ವಾಪಸ್ ಏರೋಕೆ ಶುರುವಾಗಿತ್ತು.

ಆದ್ರೂ ಅದು ದೊಡ್ಡ ತೊಂದ್ರೆ ಅಲ್ಲ. ನಾನು ತಗೊಂಡಿದ್ದು ಎರಡು ಸೀಕ್ವೆನ್ಸ್, ಎರಡೂ ಜೀನನ್ನ ಒಂದೇ ಮಟ್ಟಕ್ಕೆ ಇಳಿಸ್ತಿದ್ವು, ಆದ್ರೆ ಒಂದನೇದು ಹಾಕಿದ್ರೆ ಸೆಲ್ಸ್ ದುಂಡಗಾಗಿ ಸಾಯ್ತಿದ್ವು, ಎರಡನೇದರಲ್ಲಿ ಏನೂ ಆಗ್ತಿರ್ಲಿಲ್ಲ. ಸಾಯೋದೇ ನಿಜ ಅಂತ ನಂಬೋಕೆ ಮನಸ್ಸು ಎಳೀತಿತ್ತು, ಯಾಕಂದ್ರೆ ಅದೇ ದೊಡ್ಡ ರಿಸಲ್ಟ್, ಒಂದು ತಿಂಗಳು ಅದರ ಹಿಂದೇನೇ ಓಡಾಡ್ದೆ. ಆಮೇಲೆ ಆ ಸೀಕ್ವೆನ್ಸ್‌ನಲ್ಲಿ 9ರಿಂದ 11ನೇ ಬೇಸ್‌ವರೆಗೆ ಮಾತ್ರ ಬದಲಾಯಿಸಿ ಕಂಟ್ರೋಲ್ ಮಾಡಿಸ್ದೆ. ಕತ್ತರಿ ಬೀಳೋದು 10 ಮತ್ತು 11ರ ಮಧ್ಯೆ, ಅಲ್ಲಿ ಜೋಡಿ ಕೆಟ್ರೆ ನನ್ನ ಜೀನ್ ಇಳಿಯಲ್ಲ, ಆದ್ರೆ 2ರಿಂದ 8ರವರೆಗಿನ ಸೀಡ್ ಭಾಗ ಹಾಗೇ ಇರತ್ತೆ, ಅದು ಮೈಕ್ರೋಆರ್‌ಎನ್‌ಎ (ಜೀನ್‌ಗಳನ್ನ ಇಳಿಸೋ ಸೆಲ್‌ನದೇ ಚಿಕ್ಕ ಆರ್‌ಎನ್‌ಎ) ಥರ ಬೇರೆ ಜೀನ್‌ಗಳಿಗೆಲ್ಲ ಅಂಟಿ ಅವನ್ನ ಇಳಿಸಬಹುದು. ನನ್ನ ಜೀನ್ ಪೂರ್ತಿ ನಾರ್ಮಲ್ ಇತ್ತು, ಸೆಲ್ಸ್ ಮಾತ್ರ ಅದೇ ಥರ ಸಾಯ್ತಿದ್ವು, ಅಂದ್ರೆ ಸಾವಿಗೆ ಕಾರಣ ಸೀಡ್, ನನ್ನ ಜೀನ್ ಇಳಿದಿದ್ದಲ್ಲ. ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ನಾನು ಹಾಕ್ತಿದ್ದ 50 ನ್ಯಾನೋಮೋಲಾರ್ ಡೋಸ್‌ ಕೂಡ ತಪ್ಪೇ, 5ಕ್ಕೆ ಇಳಿಸಿದಾಗ ಜೀನ್ ಅಷ್ಟೇ ಚೆನ್ನಾಗಿ ಇಳೀತು, ಸಾವು ತುಂಬ ಕಮ್ಮಿ ಆಯ್ತು. ನಾನ್‌ಟಾರ್ಗೆಟಿಂಗ್ ಕಂಟ್ರೋಲ್ (ಯಾವ ಜೀನ್‌ಗೂ ಗುರಿಯಿಡದ ಸೀಕ್ವೆನ್ಸ್) ಒಂದಿದ್ರೆ ಸಾಕು ಅನ್ನೋರಿಗೆ ಒಂದು ಮಾತು, ಅದರ ಸೀಡ್ ಬೇರೆ, ನಿಮ್ಮ ಸೀಕ್ವೆನ್ಸ್‌ನ ಸೀಡ್ ಏನ್ ಮಾಡ್ತಿದೆ ಅಂತ ಅದು ಹೇಳಲ್ಲ.

ಎಸ್‌ಎಚ್‌ಆರ್‌ಎನ್‌ಎಗೆ ಹೋಗಿದ್ದು ಪ್ರೋಟೀನ್ ಪೂರ್ತಿ ಹೋಗ್ಲಿ ಅಂತ. ಇಲ್ಲಿ ಹೇರ್‌ಪಿನ್ (ಮಡಿಚ್ಕೊಂಡು ಎರಡೆಳೆಯಾಗೋ ಆರ್‌ಎನ್‌ಎ) ಬರೆದಿರೋ ಡಿಎನ್‌ಎ ಲೆಂಟಿವೈರಸ್‌ನಲ್ಲಿ ಹೋಗಿ ಜೀನೋಮ್‌ನಲ್ಲೇ ಕೂತ್ಕೊಳತ್ತೆ, ಯು6 ಪ್ರಮೋಟರ್‌ನಿಂದ (ಪ್ರಮೋಟರ್ ಅಂದ್ರೆ ಜೀನ್ ಓದೋದನ್ನ ಶುರು ಮಾಡ್ಸೋ ಡಿಎನ್‌ಎ ಭಾಗ) ಹೇರ್‌ಪಿನ್ ಬರ್ತಾನೇ ಇರತ್ತೆ, ಡೈಸರ್ ಅನ್ನೋ ಎನ್‌ಜೈಮ್ ಅದನ್ನ ಕತ್ತರಿಸಿ ಎಸ್‌ಐಆರ್‌ಎನ್‌ಎ ಮಾಡತ್ತೆ. ಕ್ಲೋನಿಂಗ್, ವೈರಸ್, ಪ್ಯೂರೋಮೈಸಿನ್ ಸೆಲೆಕ್ಷನ್ (ವೈರಸ್ ಸೇರದ ಸೆಲ್ಸ್‌ನ ಔಷಧಿಯಿಂದ ಸಾಯಿಸೋದು) ಎಲ್ಲಾ ಸೇರಿ ಮೂರು ವಾರ ಹಿಡೀತು. ಫಲ ಮಾತ್ರ ಸಿಕ್ತು, ಹತ್ತನೇ ದಿನಕ್ಕೆ ಬ್ಯಾಂಡ್ ಕಾಣ್ತಿರ್ಲಿಲ್ಲ. ಆದ್ರೆ ಆರನೇ ವಾರ ಅದೇ ಲೈನ್ ಮತ್ತೆ ನೋಡಿದ್ರೆ ಪ್ರೋಟೀನ್ ವಾಪಸ್ ಬಂದಿದೆ, ಹೇರ್‌ಪಿನ್ ಕಮ್ಮಿ ಮಾಡ್ಕೊಂಡ ಸೆಲ್ಸ್ ಬೇಗ ಬೆಳೆದು ಉಳಿದವನ್ನ ಹಿಂದೆ ಹಾಕಿರ್ಬೇಕು. ಹಾಗಾಗಿ ಸೆಲೆಕ್ಷನ್ ಆದ ತಕ್ಷಣ ಒಂದಷ್ಟು ವಯಲ್ ಫ್ರೀಜ್ ಮಾಡಿಟ್ಕೊಳ್ಳಿ. ಸೀಡ್ ತಾಪತ್ರಯ ಇಲ್ಲೂ ಹಾಗೇ ಇದೆ, ಮೇಲಿಂದ ಹೇರ್‌ಪಿನ್ ಜಾಸ್ತಿಯಾದ್ರೆ ಸೆಲ್ ತನ್ನ ಸ್ವಂತ ಮೈಕ್ರೋಆರ್‌ಎನ್‌ಎ ನ್ಯೂಕ್ಲಿಯಸ್‌ನಿಂದ ಹೊರಗೆ ಕಳ್ಸೋ ಎಕ್ಸ್‌ಪೋರ್ಟಿನ್ 5 ದಾರಿನೇ ತುಂಬ್ಕೊಂಡು ಬಿಡತ್ತೆ.

ಕ್ರಿಸ್ಪರ್‌ಐ ಎಂಆರ್‌ಎನ್‌ಎ ತಂಟೆಗೇ ಹೋಗಲ್ಲ. ಡಿಎನ್‌ಎ ಕತ್ತರಿಸೋ ಶಕ್ತಿ ತೆಗೆದ ಕ್ಯಾಸ್9 ಪ್ರೋಟೀನ್‌ಗೆ ಕ್ರ್ಯಾಬ್ ಅನ್ನೋ ರಿಪ್ರೆಸರ್ ಅಂಟಿಸಿ, ಗೈಡ್ ಅನ್ನೋ ಚಿಕ್ಕ ಆರ್‌ಎನ್‌ಎ ದಾರಿ ತೋರಿಸಿದ ಹಾಗೆ ಜೀನ್ ಶುರುವಾಗೋ ಜಾಗದಲ್ಲಿ ಕೂರ್ಸೋದು, ಟ್ರಾನ್ಸ್‌ಕ್ರಿಪ್ಷನ್ನೇ (ಎಂಆರ್‌ಎನ್‌ಎ ಆಗೋದೇ) ನಿಲ್ಲತ್ತೆ. ಕಷ್ಟ ಇರೋದು ಆ ಶುರುವಿನ ಜಾಗ ಸರಿಯಾಗಿ ಗೊತ್ತಿರ್ಬೇಕು ಅನ್ನೋದ್ರಲ್ಲಿ. ನನ್ನ ಜೀನ್‌ಗೆ ಎರಡು ಪ್ರಮೋಟರ್, ಹೀಲಾದಲ್ಲಿ ಕೆಲಸ ಮಾಡದೇ ಇರೋದಕ್ಕೆ ಮೊದಲ ಮೂರು ಗೈಡ್ ಮಾಡಿಸಿ ದಂಡ ಆಯ್ತು. ಪಕ್ಕದ ಜೀನ್ ಅದೇ ಪ್ರಮೋಟರ್ ಹಂಚ್ಕೊಂಡಿದ್ರೆ ಅದೂ ಇಳಿಯತ್ತೆ, ಅದನ್ನೂ ನೋಡ್ಕೋಬೇಕು. ಸರಿಯಾದ ಗೈಡ್ ಸಿಕ್ಮೇಲೆ ಪ್ರೋಟೀನ್ ಹೋಯ್ತು, ಸೆಲ್ಸ್ ಆರಾಮಾಗಿ ಬೆಳೀತಿದ್ವು, ಒಂದೂ ದುಂಡಗಾಗ್ಲಿಲ್ಲ. ಇದು ನನಗೊಬ್ಬನಿಗೇ ಆಗಿದ್ದಲ್ಲ, ಮೆಲ್ಕ್ ಅನ್ನೋ ಕೈನೇಸ್ ಕ್ಯಾನ್ಸರ್ ಸೆಲ್ಸ್‌ಗೆ ಬೇಕೇ ಬೇಕು ಅಂತ ಆರ್‌ಎನ್‌ಎಐ ಕೆಲಸಗಳು ಹೇಳಿದ್ವು, 2017ರಲ್ಲಿ ಕ್ರಿಸ್ಪರ್‌ನಿಂದ ಆ ಜೀನ್ ಮುರಿದು ನೋಡಿದ್ರೆ ಸೆಲ್ಸ್ ಬೆಳೀತಾನೇ ಇದ್ವು.

ಈಗ್ಲೂ ಹೊಸ ಜೀನ್‌ಗೆ ನಾನು ಮೊದ್ಲು ಕೈ ಹಾಕೋದು ಎಸ್‌ಐಆರ್‌ಎನ್‌ಎಗೇ, ಕಮ್ಮಿ ಡೋಸ್, ಕನಿಷ್ಠ ಮೂರು ಸೀಕ್ವೆನ್ಸ್. ಪ್ರೋಟೀನ್ ಬೇಗ ಕರಗೋದಾದ್ರೆ ಅದರಲ್ಲೇ ಮುಗಿಯತ್ತೆ. ಬಾಳಿಕೆ ಜಾಸ್ತಿ ಇದ್ರೆ ಎಸ್‌ಎಚ್‌ಆರ್‌ಎನ್‌ಎ ಬಿಟ್ಟು ನೇರ ಕ್ರಿಸ್ಪರ್‌ಐಗೆ ಹೋಗ್ತೀನಿ, ಲೈನ್ ಒಂದ್ಸಲ ಮಾಡಿಟ್ರೆ ಮುಂದಿನ ಜೀನ್‌ಗೆ ಗೈಡ್ ಮಾತ್ರ ಬದಲಾಯಿಸಿದ್ರೆ ಆಯ್ತು. ಯಾವ್ದೇ ಮಾಡಿದ್ರೂ ರೆಸ್ಕ್ಯೂ ಬಿಡ್ಬೇಡಿ, ಅಂದ್ರೆ ಪ್ರೋಟೀನ್ ಅದೇ ಇದ್ದು ಎಸ್‌ಐಆರ್‌ಎನ್‌ಎ ಅಂಟೋ ಜಾಗದ ಅಕ್ಷರ ಮಾತ್ರ ಬದಲಾಯಿಸಿರೋ ಸಿಡಿಎನ್‌ಎ (ಎಂಆರ್‌ಎನ್‌ಎಯ ಡಿಎನ್‌ಎ ಪ್ರತಿ) ವಾಪಸ್ ಕೊಟ್ಟು ನೋಡೋದು. ನಾನು ಅದನ್ನ ಮೊದಲನೇ ವಾರವೇ ಮಾಡಿದ್ರೆ, ಆ ಸಿಡಿಎನ್‌ಎ ಕೊಟ್ಟ ಮೇಲೂ ಸೆಲ್ಸ್ ಸಾಯ್ತಿರೋದು ಆಗ್ಲೇ ಕಾಣ್ತಿತ್ತು.