ಹನ್ನೊಂದು ಟನ್ ಕಬ್ಬಿನ ಬಿಲ್: ಟರ್ಬೊ, ಥಾನಿ, ಮೊಬೈಲ್

ಪಿಯುಗೆ ಬಂದು ಮೊದಲ ಸಲ ಕೋಡ್ ಬರೆಯುವವರಿಗೆ ಪೈಥಾನ್ ಭಾಷೆ ಸಾಕು, ಅದೂ ಥಾನಿ ಎಂಬ ತಂತ್ರಾಂಶದಲ್ಲಿ. ಸಿ ಪ್ಲಸ್ ಪ್ಲಸ್ ಭಾಷೆಯ ಹಳೆಯ ತಂತ್ರಾಂಶ ಟರ್ಬೊ ಸಿ ಪ್ಲಸ್ ಪ್ಲಸ್, ಥಾನಿ, ಪೈಥಾನ್ ಓಡಿಸುವ ಮೊಬೈಲ್ ಆ್ಯಪ್ ಮೂರರಲ್ಲೂ ಒಂದೇ ಲೆಕ್ಕ ಹಾಕಿ ನೋಡಿದ ಮೇಲಿನ ಮಾತಿದು. ಮುಧೋಳ, ಜಮಖಂಡಿ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲದ ಲೆಕ್ಕ: ಕಬ್ಬಿನ ತೂಕ, ಅದಕ್ಕೆ ದರ. ಟನ್ನಿಗೆ 3000 ಅಂತ ಇಟ್ಟುಕೊಳ್ಳಿ.

ಟರ್ಬೊದಲ್ಲಿ ತೂಕ, ದರ, ಬಿಲ್ ಮೂರನ್ನೂ ಇಂಟ್ (ಪೂರ್ಣಾಂಕ) ಎಂದು ಬರೆದು 10 ಟನ್ ಕೊಟ್ಟರೆ 30000 ಬರುತ್ತದೆ. 11 ಕೊಡಿ, -32536! ಕಬ್ಬು ಕಳಿಸಿದ ರೈತನೇ ಕಾರ್ಖಾನೆಗೆ ಬಾಕಿ. ಎರರ್ ಅಂತ ಒಂದಕ್ಷರವೂ ಬರುವುದಿಲ್ಲ. ಟರ್ಬೊದ ಇಂಟ್ 16 ಬಿಟ್‌ನದು, -32768ರಿಂದ 32767ರ ತನಕ ಮಾತ್ರ ಹಿಡಿಯುತ್ತದೆ. 33000 ಅದರಲ್ಲಿ ಕೂರದೆ, 65536 ಕಳೆದು ಉಳಿದದ್ದು ತೆರೆಯ ಮೇಲೆ ಬರುತ್ತದೆ.

‘ಬಿಲ್ ಅನ್ನು ಲಾಂಗ್ ಮಾಡು’ ಅನ್ನುವವರೇ ಹೆಚ್ಚು; ಲಾಂಗ್ ಅಂದರೆ ಇಂಟ್‌ಗಿಂತ ದೊಡ್ಡ ಪೂರ್ಣಾಂಕ ಹಿಡಿಯುವ ಬಗೆ. ಮಾಡಿದರೂ ಅದೇ ಉತ್ತರ. ಗುಣಾಕಾರ ನಡೆಯುವುದು ಎರಡು ಇಂಟ್‌ಗಳ ನಡುವೆ; ಹಾಲು ಒಡೆದ ಮೇಲೆ ದೊಡ್ಡ ಪಾತ್ರೆಗೆ ಸುರಿದು ಏನು ಬಂತು? ಬಿಲ್ ಜೊತೆಗೆ ತೂಕ ಇಲ್ಲವೆ ದರ, ಒಂದಾದರೂ ಲಾಂಗ್ ಆಗಿರಬೇಕು. ಫ್ಯಾಕ್ಟೋರಿಯಲ್‌ಗೂ (1ರಿಂದ ಆ ಸಂಖ್ಯೆಯ ತನಕದ ಗುಣಾಕಾರ) ಇದೇ ರೋಗ: 7ರದ್ದು 5040 ಸರಿ ಬಂದು, 8ರದ್ದು 40320ರ ಬದಲು -25216 ಆಗುತ್ತದೆ. ಬಿಟ್‌ಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು, ಆದರೆ ಅದು ಮೊದಲ ವಾರದ ಪಾಠವಲ್ಲ.

ಇನ್ನು, 64 ಬಿಟ್ ವಿಂಡೋಸ್‌ನಲ್ಲಿ ಟರ್ಬೊಗೆ ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಬೇಕು. ಟರ್ಬೊದಲ್ಲಿ ರನ್ ಮಾಡಲು ಕಂಟ್ರೋಲ್ ಮತ್ತು ಎಫ್9. ಡಾಸ್‌ಬಾಕ್ಸ್ ತನ್ನನ್ನೇ ಮುಚ್ಚಿಕೊಳ್ಳಲು ಇಟ್ಟುಕೊಂಡಿರುವುದೂ ಅದೇ ಕೀಲಿ. ಎಫ್2 ಒತ್ತಿ ಸೇವ್ ಮಾಡಿರದಿದ್ದರೆ ಬರೆದದ್ದೆಲ್ಲ ಹೋಯಿತು. ಮೆನುವಿನಿಂದಲೇ ರನ್ ಮಾಡಿ.

ಥಾನಿಗೂ ಒಂದು ಕಿರಿಕಿರಿ ಇದೆ. ಇನ್‌ಪುಟ್‌ನಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಮಾಲೆ. 11 ಟೈಪ್ ಮಾಡಿ 3000ದಿಂದ ಗುಣಿಸಿದರೆ ‘11’ ಮೂರು ಸಾವಿರ ಸಲ ಸಾಲಾಗಿ ಬೀಳುತ್ತದೆ. ಇನ್‌ಪುಟ್ ಅನ್ನು ಇಂಟ್ ಒಳಗೆ ಸುತ್ತಿ, ಅಂದರೆ int(input()) ಎಂದು ಬರೆಯಿರಿ; 11.5 ಟನ್ ಇದ್ದರೆ ದಶಮಾಂಶ ಹಿಡಿಯುವ ಫ್ಲೋಟ್, ಇಲ್ಲದಿದ್ದರೆ ವ್ಯಾಲ್ಯೂ ಎರರ್. ಇಲ್ಲಿ ತಪ್ಪು ಕಣ್ಣಿಗೆ ರಾಚುತ್ತದೆ, ಟರ್ಬೊದ ಹಾಗೆ ಸುಮ್ಮನೆ ಸುಳ್ಳು ಹೇಳುವುದಿಲ್ಲ. (ಕನ್ನಡ ಅಂಕಿಯಲ್ಲಿ ೧೧ ಎಂದು ಕೊಟ್ಟರೂ ಇಂಟ್ ಅದನ್ನು ಹನ್ನೊಂದು ಎಂದೇ ಓದುತ್ತದೆ.)

ಥಾನಿಯ ನಿಜವಾದ ಲಾಭ ಬೇರೆ. ಹೊಸದಾಗಿ ಕಲಿಯುವವರಿಗಾಗಿಯೇ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು. ಪೈಥಾನ್ ಅದರೊಳಗೇ ಬರುತ್ತದೆ, ದುಡ್ಡಿಲ್ಲ. ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ತೆರೆದಿಟ್ಟು, ಕಂಟ್ರೋಲ್ ಮತ್ತು ಎಫ್5ರಿಂದ ಡೀಬಗ್ (ಹಂತ ಹಂತವಾಗಿ ಓಡಿಸಿ ತಪ್ಪು ಹುಡುಕುವುದು) ಶುರುಮಾಡಿ ಎಫ್7 ಒತ್ತುತ್ತಾ ಹೋದರೆ ಲೂಪಿನ ಪ್ರತಿ ಸುತ್ತಿನಲ್ಲಿ ವೇರಿಯಬಲ್‌ಗಳ ಬೆಲೆ ಬದಲಾಗುವುದು ಎದುರಿಗೇ ಕಾಣುತ್ತದೆ. ನೋಟ್‌ಬುಕ್‌ನಲ್ಲಿ ಟೇಬಲ್ ಗೀಚಿ ಟ್ರೇಸ್ ಮಾಡುವ ಕೆಲಸವೇ ಇದು.

ಮೊಬೈಲ್ ಆ್ಯಪ್ ಬಸ್ಸಿನಲ್ಲಿ ಕೂತು ನಾಲ್ಕು ಸಾಲು ಓಡಿಸಲು ಸರಿ. ಕೀಬೋರ್ಡ್ ಪ್ರಿಂಟ್‌ನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡಿ ನೇಮ್ ಎರರ್ ತರಿಸುತ್ತದೆ. ಆಟೊ ಕ್ಯಾಪಿಟಲ್ ಆಫ್ ಮಾಡಿ.

ಹಳೆಯ ಲ್ಯಾಪ್‌ಟಾಪ್, ದಿನಕ್ಕೆ ಒಂದು ತಾಸು, ಅಷ್ಟಿದ್ದರೆ ಥಾನಿ. ಕಾಲೇಜಿನ ಲ್ಯಾಬ್‌ನಲ್ಲಿ ಟರ್ಬೊ ಇದ್ದರೂ ಲಾಜಿಕ್ ಮೊದಲು ಥಾನಿಯಲ್ಲಿ ಕೂಡಿಸಿ, ಆಮೇಲೆ ಸೆಮಿಕೋಲನ್ ಸೇರಿಸಿ. ಭಾಗಾಕಾರದಲ್ಲಿ ಮಾತ್ರ ಹುಷಾರು: ಎರಡು ಇಂಟ್ ಇದ್ದಾಗ 7/2 ಟರ್ಬೊದಲ್ಲಿ 3, ಪೈಥಾನ್‌ನಲ್ಲಿ 3.5. ಪೈಥಾನ್‌ನಲ್ಲೂ 3 ಬೇಕಿದ್ದರೆ 7//2 ಎಂದು ಎರಡು ಗೀಟು.