ಎರಡು ಲೀಟರಿನ ಗ್ರೈಂಡರ್: ಆರೇಳು ವರ್ಷ ರುಬ್ಬಿದ ಮೇಲೆ

"ಗ್ರೈಂಡರ್ ತಗೋಬೇಕಾ, ಮಿಕ್ಸಿಯೇ ಸಾಕಾ?" ನಮ್ಮ ಅಡುಗೆಮನೆಯ ಕಟ್ಟೆ ಮೇಲಿರುವ ಗ್ರೈಂಡರ್ ನೋಡಿದವರು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ: ವಾರದ ದಿನಗಳಲ್ಲಿ ರಾತ್ರಿ ಊಟಕ್ಕೆ ಏನು ಮಾಡ್ತೀರಿ? ಯಾಕೆಂದರೆ ಇದರ ಉಪಯೋಗ ಬೆಳಗಿನ ತಿಂಡಿಗಿಂತ ಜಾಸ್ತಿ ಗೊತ್ತಾಗುವುದು ರಾತ್ರಿ ಎಂಟು ಗಂಟೆಗೆ. ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ "ಅಮ್ಮಾ, ಊಟಕ್ಕೇನು?" ಎಂಬ ಕೂಗು ಬಂದಾಗ.

ನಮ್ಮದು ಎರಡು ಲೀಟರಿನ ಟಿಲ್ಟಿಂಗ್ ಗ್ರೈಂಡರ್, ಅಂದರೆ ಬಗ್ಗಿಸಿ ಹಿಟ್ಟು ಸುರಿಯುವಂಥದ್ದು. ಸ್ಟೀಲ್ ಡ್ರಮ್, ತಳದಲ್ಲಿ ಕಲ್ಲು, ಮೇಲೆ ಶಂಕುವಿನ ಆಕಾರದ ಎರಡು ಗುಂಡು, 150 ವಾಟಿನ ಮೋಟರ್. ಕಂಪನಿ ಹೆಸರು ಬೇಡ. ಈ ಅಳತೆಯ ಯಂತ್ರಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ತುಂಬಾ ಮಟ್ಟಿಗೆ ಕೊಯಮತ್ತೂರು ಕಡೆಯಿಂದಲೇ ಬರುತ್ತವೆ. ಮೈಸೂರು ರೇಷ್ಮೆಗೂ ಮೈಸೂರು ಮಲ್ಲಿಗೆಗೂ ಇರುವಂತೆ ಕೊಯಮತ್ತೂರಿನ ವೆಟ್ ಗ್ರೈಂಡರಿಗೂ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ಎಂಬ ಭೌಗೋಳಿಕ ಗುರುತು, ಇದೆ. ಅಜ್ಜಿಯ ಒರಳುಕಲ್ಲಿನಲ್ಲಿ ಗುಂಡು ತಿರುಗುತ್ತಿತ್ತು, ಒರಳು ಕದಲುತ್ತಿರಲಿಲ್ಲ. ಇದರಲ್ಲಿ ಒರಳೇ ತಿರುಗುತ್ತದೆ, ಗುಂಡುಗಳು ಇದ್ದಲ್ಲೇ ಉರುಳುತ್ತವೆ.

ಮಿಕ್ಸಿ ಬ್ಲೇಡ್ ಕತ್ತರಿಸುತ್ತದೆ, ಕಲ್ಲು ಅರೆಯುತ್ತದೆ. ಉದ್ದಿನಬೇಳೆಯಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗ್ರೈಂಡರಿನಲ್ಲಿ ಇಪ್ಪತ್ತೈದು ಮೂವತ್ತು ನಿಮಿಷ, ನಡುವೆ ನಡುವೆ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುತ್ತಾ ರುಬ್ಬಿದರೆ ಬೇಳೆ ಉಬ್ಬಿ ಉಬ್ಬಿ ಡ್ರಮ್ಮಿನ ಅರ್ಧಕ್ಕೆ ಬರುತ್ತದೆ. ಒಂದು ಚಿಟಿಕೆ ಹಿಟ್ಟನ್ನು ನೀರಿಗೆ ಬಿಟ್ಟು ನೋಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ಐದು ನಿಮಿಷ ಬೇಕು. ಮಿಕ್ಸಿಯಲ್ಲಿ ಅಷ್ಟು ಹೊತ್ತು ರುಬ್ಬುವ ಹಾಗೇ ಇಲ್ಲ, ಜಾರ್ ಬಿಸಿಯಾಗುತ್ತದೆ, ಹಿಟ್ಟೂ ಬಿಸಿಯಾಗುತ್ತದೆ. ಐಸ್ ನೀರು ಹಾಕಿ ರುಬ್ಬುವವರು ಅದಕ್ಕೇ ಹಾಗೆ ಮಾಡುತ್ತಾರೆ.

ಕರೆಂಟಿನ ಚಿಂತೆ ಬೇಡ. 150 ವಾಟಿನ ಮೋಟರ್ ನಲವತ್ತು ನಿಮಿಷ ಓಡಿದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ, ಅಷ್ಟೇ.

ಈಗ ವಾರದ ಲೆಕ್ಕ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನೆನೆಸುತ್ತೇನೆ, ಸಂಜೆ ರುಬ್ಬುತ್ತೇನೆ. ನಮ್ಮ ಮನೆಯ ಇಡ್ಲಿ ಹಳೇ ಮೈಸೂರು ಕಡೆಯ ಪದ್ಧತಿಯದು, ಇಡ್ಲಿ ರವೆ ಹಾಕಿದ್ದು. ಒಂದು ಲೋಟ ಉದ್ದಿಗೆ ಎರಡು ಲೋಟ ರವೆ. ಅಂದರೆ ಇಡ್ಲಿಗೆ ಉದ್ದನ್ನು ರುಬ್ಬಿದರೆ ಮುಗಿಯಿತು, ರವೆ ತೊಳೆದು, ಹಿಂಡಿ ಬೆರೆಸಿದರೆ ಸಾಕು. ದೋಸೆಗೆ ಮಾತ್ರ ಅಕ್ಕಿ ರುಬ್ಬಬೇಕು: ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಬಣ್ಣಕ್ಕೆ ಒಂದಿಷ್ಟು ಕಡಲೆಬೇಳೆ, ಒಂದು ಹಿಡಿ ಅವಲಕ್ಕಿ. ಹಾಗಾಗಿ ಇಡ್ಲಿಯ ಉದ್ದು, ದೋಸೆಯ ಉದ್ದು ಎರಡನ್ನೂ ಒಟ್ಟಿಗೇ ರುಬ್ಬಿ ಪಾತ್ರೆಗಳಿಗೆ ಪಾಲು ಮಾಡುತ್ತೇನೆ. ಆಮೇಲೆ ಡ್ರಮ್ ತೊಳೆಯದೆ ಅದರಲ್ಲೇ ಅಕ್ಕಿ. ಮೊದಲು ಉದ್ದು, ಆಮೇಲೆ ಅಕ್ಕಿ. ಈ ಕ್ರಮ ತಪ್ಪಿದರೆ ಉದ್ದಿನ ಜೊತೆ ಅಕ್ಕಿಯ ತರಿ ಸೇರಿ ಇಡ್ಲಿಯ ಮೆದು ಹೋಗುತ್ತದೆ.

ಸೋಮವಾರ ಬೆಳಿಗ್ಗೆ ಇಡ್ಲಿ. ದೋಸೆ ಹಿಟ್ಟು ಫ್ರಿಜ್ಜಿಗೆ. ಮಂಗಳವಾರ ರಾತ್ರಿ ಸೆಟ್ ದೋಸೆ, ಜೊತೆಗೆ ಬೆಳಗಿನ ಪಲ್ಯ ಮಿಕ್ಕಿದ್ದರೆ ಅದು, ಇಲ್ಲದಿದ್ದರೆ ಚಟ್ನಿಪುಡಿ ತುಪ್ಪ. ಬುಧವಾರ ಅನ್ನ ಸಾರು, ಯಾಕೆಂದರೆ ಎಷ್ಟು ದಿನ ದೋಸೆ ಅಂತ ಮನೆಯವರ ಮುಖ ಸಣ್ಣಗಾಗುತ್ತದೆ. ಗುರುವಾರದ ಹೊತ್ತಿಗೆ ಹಿಟ್ಟು ಸ್ವಲ್ಪ ಹುಳಿ ಬಂದಿರುತ್ತದೆ. ಆಗ ಪಡ್ಡು. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು, ಕೊಬ್ಬರಿ ಚೂರು ಹಾಕಿ ಗುಳಿಗಳಿಗೆ ಹೊಯ್ದರೆ ಆ ಹುಳಿಯೇ ರುಚಿಯಾಗುತ್ತದೆ. ಪಡ್ಡು ಮಾಡುವ ರಾತ್ರಿ ಚಟ್ನಿ ಬಿಟ್ಟರೆ ಬೇರೆ ಅಡುಗೆ ಇಲ್ಲ. ಪಕ್ಕದ ಮನೆಯ ಆಂಟಿಗೆ ಒಂದು ತಟ್ಟೆ, ಮೇಲಿನ ಮನೆಯ ಹುಡುಗರಿಗೆ ಒಂದು ತಟ್ಟೆ. ಆ ಹುಡುಗರು ಬಾಡಿಗೆಗಿದ್ದಾರೆ, ಗುರುವಾರ ಅಂದರೆ ಏನು ಅಂತ ಅವರಿಗೂ ಗೊತ್ತಾಗಿದೆ. ಮೆಟ್ಟಿಲಲ್ಲಿ ಸಿಕ್ಕರೆ "ಆಂಟಿ, ಇವತ್ತು ಗುರುವಾರ ಅಲ್ವಾ?" ಅಂತ ಸುಮ್ನೆ ಕೇಳುತ್ತಾರೆ.

ಪಡ್ಡು ತವಾ ಒಲೆ ಮೇಲಿಂದ ಇಳಿಸುವ ಮುಂಚೆ ಕೊನೆಯ ಸುತ್ತು ಸಿಹಿ. ಒಂದೆರಡು ಸೌಟು ಹಿಟ್ಟಿಗೆ ಪುಡಿಬೆಲ್ಲ, ಹಿಸುಕಿದ ಏಲಕ್ಕಿ ಬಾಳೆಹಣ್ಣು, ಒಂದಿಷ್ಟು ಗೋಧಿ ಹಿಟ್ಟು, ಏಲಕ್ಕಿ ಪುಡಿ. ಎಣ್ಣೆ ಬದಲು ತುಪ್ಪ. ಉರಿ ಸಣ್ಣ ಇರಲಿ, ಬೆಲ್ಲ ಇರುವುದರಿಂದ ತಳ ಬೇಗ ಸೀಯುತ್ತದೆ. ಇದಕ್ಕೆ ಅಂತ ಬೇರೆ ಹಿಟ್ಟು ರುಬ್ಬಬೇಕಾಗಿಲ್ಲ, ಹತ್ತು ನಿಮಿಷದ ಕೆಲಸ. ಅಂಗಡಿಯ ಕೇಕಿಗೆ ಅತ್ತು ಕರೆಯುವ ನನ್ನ ಮಗಳು ಈ ಸಿಹಿ ಪಡ್ಡುವಿಗೆ ಮಾತ್ರ ಅಣ್ಣನ ತಟ್ಟೆ ಎಣಿಸುತ್ತಾಳೆ.

ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ಚಳಿಗೆ ಹಿಟ್ಟು ಉಬ್ಬುವುದಿಲ್ಲ ಅಂತ ಗ್ರೈಂಡರಿಗೆ ಬೈಯುವವರನ್ನು ಕಂಡಿದ್ದೇನೆ. ಅದು ಗ್ರೈಂಡರಿನ ತಪ್ಪಲ್ಲ. ಹಿಟ್ಟನ್ನು ಉಬ್ಬಿಸುವುದು ಬೇಳೆಯ ಜೊತೆಗೇ ಬರುವ ಸೂಕ್ಷ್ಮಜೀವಿಗಳು, ಅವಕ್ಕೆ ಬೆಚ್ಚಗಿರಬೇಕು. ಆ ತಿಂಗಳಲ್ಲಿ ನೆನೆಸಿದ ನೀರನ್ನೇ ರುಬ್ಬಲು ಬಳಸಿ, ಪಾತ್ರೆಯನ್ನು ಓವನ್ನಿನ ಒಳಗೆ ಬರೀ ದೀಪ ಹಾಕಿ ಇಡಿ. ಓವನ್ ಇಲ್ಲದವರು ಅಕ್ಕಿ ಡಬ್ಬದ ಒಳಗೆ ಹೂತಿಡುತ್ತಾರೆ, ಅದೂ ಕೆಲಸ ಮಾಡುತ್ತದೆ. ಉಪ್ಪು ಯಾವಾಗ ಹಾಕಬೇಕು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷ. "ಚಳಿಗಾಲದಲ್ಲಿ ಉಪ್ಪು ಬೆಳಿಗ್ಗೆ ಹಾಕೇ, ಈಗಲೇ ಬೇಡ" ಅಂತ ಅತ್ತೆ. ಬೇಸಿಗೆಯಲ್ಲಿ ನಾನು ರಾತ್ರಿಯೇ ಹಾಕಿಬಿಡುತ್ತೇನೆ, ಹುಳಿ ಬರುವುದು ಸ್ವಲ್ಪ ತಡವಾಗಲಿ ಅಂತ.

ಈ ಗ್ರೈಂಡರ್ ನಿಜಕ್ಕೂ ಮನ ಗೆದ್ದಿದ್ದು ಹೂರಣದಲ್ಲಿ. ಒಬ್ಬಟ್ಟು ಮಾಡುವವರಿಗೆ ಗೊತ್ತು, ಹೂರಣದಲ್ಲಿ ಒಂದೇ ಒಂದು ಬೇಳೆ ಅರ್ಧಂಬರ್ಧ ಉಳಿದಿದ್ದರೂ ತಟ್ಟುವಾಗ ಕಣಕ ಅಲ್ಲೇ ಹರಿಯುತ್ತದೆ. ಮಿಕ್ಸಿಯಲ್ಲಿ ನೀರು ಹಾಕದೆ ಹೂರಣ ರುಬ್ಬುವುದೆಂದರೆ ಶಿಕ್ಷೆ. ಬ್ಲೇಡ್ ಸುತ್ತ ಗುಹೆ ಆಗುತ್ತದೆ, ಪಕ್ಕದ್ದು ಹಾಗೇ ಉಳಿಯುತ್ತದೆ, ತೆಗೆದು ಕೆದಕಿ ಮತ್ತೆ ಹಾಕು. ಕಲ್ಲಿನಲ್ಲಿ ಒಂದೇ ಒಂದು ಬೇಳೆ ತಪ್ಪಿಸಿಕೊಳ್ಳುವುದಿಲ್ಲ. ಬೆಣ್ಣೆಯಂತೆ ಬರುತ್ತದೆ.

ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಬೇಳೆ ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗಬೇಕು, ಆಕಾರ ಮಾತ್ರ ಉಳಿದಿರಬೇಕು. ಕಟ್ಟು ಪೂರ್ತಿ ಬಸಿದು ಸಾರಿಗೆ ಎತ್ತಿಡಿ. ಕಡಲೆಬೇಳೆಯೋ ತೊಗರಿಬೇಳೆಯೋ ನಿಮ್ಮ ಮನೆಯ ಪದ್ಧತಿ. ನಮ್ಮಲ್ಲಿ ತೊಗರಿ, ನನ್ನ ಓರಗಿತ್ತಿ ಧಾರವಾಡದವಳು, ಅವಳಿಗೆ ಕಡಲೆಬೇಳೆ ಬಿಟ್ಟು ಬೇರೆಯದು ಹೋಳಿಗೆಯೇ ಅಲ್ಲ. ಬೆಲ್ಲ ಹಾಕಿ ಮಗುಚಿ ನೀರೆಲ್ಲ ಆರಿದ ಮೇಲೆ ಉಗುರುಬೆಚ್ಚಗೆ ಆಗುವವರೆಗೆ ಕಾಯಬೇಕು. ಪೂರ್ತಿ ತಣ್ಣಗಾದರೆ ಗಟ್ಟಿಯಾಗಿ ಗುಂಡಿಗೆ ಅಂಟಿಕೊಂಡು ಮೋಟರಿಗೆ ಭಾರ, ಬೆಲ್ಟ್ ಜಾರುವ ಸದ್ದು ಕೇಳುತ್ತದೆ. ಮೊದಲು ಗ್ರೈಂಡರ್ ಓಡಿಸಿ, ಆಮೇಲೆ ಹಿಡಿ ಹಿಡಿಯಾಗಿ ಹಾಕುತ್ತಾ ಹೋಗಿ. ಕೆದಕುವುದಿದ್ದರೆ ಸ್ವಿಚ್ ಆರಿಸಿ ಮರದ ಸೌಟಿನಲ್ಲಿ. ಯುಗಾದಿಯ ಹಿಂದಿನ ದಿನ ಒಂದು ಕಿಲೋ ಬೇಳೆಯ ಹೂರಣವನ್ನು ನಾನು ಎರಡು ಸಲಕ್ಕೆ ರುಬ್ಬುತ್ತೇನೆ, ಒಂದೇ ಸಲಕ್ಕೆ ತುಂಬುವುದಿಲ್ಲ.

ಹಬ್ಬ ಮುಗಿದು ಒಂದು ಬಟ್ಟಲು ಹೂರಣ ಉಳಿದರೆ ಹೊಸ ತಿಂಡಿಗೆ ದಾರಿ ಆಗಲೇ ಫ್ರಿಜ್ಜಿನಲ್ಲಿರುತ್ತದೆ. ಹೂರಣವನ್ನು ನಿಂಬೆಗಾತ್ರದ ಉಂಡೆ ಕಟ್ಟಿ, ಗಟ್ಟಿ ದೋಸೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಸುಕ್ಕಿನುಂಡೆ. ಕರಾವಳಿ ಕಡೆಯವರ ಸುಕ್ರುಂಡೆ ಇದರ ದಾಯಾದಿ, ಅಲ್ಲಿ ಹೆಸರುಕಾಳು ಹಾಕುತ್ತಾರೆ. ಹಿಟ್ಟು ತೆಳ್ಳಗಿದ್ದರೆ ಹೂರಣ ಹೊರಬಂದು ಎಣ್ಣೆಯೆಲ್ಲ ಕಪ್ಪಾಗುತ್ತದೆ, ಅದೊಂದು ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಒಬ್ಬಟ್ಟಿಗಿಂತ ಇದಕ್ಕೇ ಜಗಳ ಜಾಸ್ತಿ.

ಸಿಹಿಯ ಮಾತು ಬಂತು ಅಂತ ಒಂದು ಅಡ್ಡ ಸುದ್ದಿ. ಕೋಕೋ ಬೀಜದಿಂದಲೇ ಚಾಕೊಲೇಟ್ ಮಾಡುವ ಸಣ್ಣ ತಯಾರಕರು ಹೊರದೇಶಗಳಲ್ಲೂ ಬಳಸುವ ಮೆಲಾಂಜರ್ ಎಂಬ ಅರೆಯುವ ಯಂತ್ರಗಳಲ್ಲಿ ಅನೇಕವು ನಮ್ಮ ಈ ಗ್ರೈಂಡರನ್ನೇ ತಿದ್ದಿ ಮಾಡಿದವು. ಕಲ್ಲಿನ ಮೇಲೆ ಕಲ್ಲು, ಅದೇ ಉಪಾಯ. ಪುತ್ತೂರಿನ ಕಡೆ ಕೋಕೋ ಬೆಳೆಯುವ ನೆಂಟರಿದ್ದಾರೆ ಅಂತ ಮನೆಯ ಗ್ರೈಂಡರಿನಲ್ಲಿ ಪ್ರಯತ್ನ ಮಾಡಲು ಹೋಗಬೇಡಿ. ಅವರು ದಿನಗಟ್ಟಲೆ ನಿಲ್ಲಿಸದೆ ಅರೆಯುತ್ತಾರೆ, ನಮ್ಮ ಮೋಟರ್ ಅಷ್ಟು ಓಡುವುದಕ್ಕೆ ಮಾಡಿದ್ದಲ್ಲ.

ಇನ್ನು ದೂರುಗಳು. ಮೊದಲನೆಯದು ತೂಕ. ಹತ್ತು ಕಿಲೋ ದಾಟುತ್ತದೆ. ಬೇಕಾದಾಗ ತೆಗೆದು, ಆದ ಮೇಲೆ ಕಪಾಟಿನಲ್ಲಿಡುತ್ತೇನೆ ಅಂದುಕೊಂಡು ಕೊಂಡರೆ ಅದು ಕಪಾಟಿನಲ್ಲೇ ಇರುತ್ತದೆ. ಕಟ್ಟೆಯ ಮೇಲೆ ಕಾಯಂ ಜಾಗ ಇದ್ದರೆ ಮಾತ್ರ ಮುಂದುವರಿಯಿರಿ. ಎರಡನೆಯದು ಸದ್ದು. ಮಿಕ್ಸಿಯಂತೆ ಕಿವಿಗೆ ಚುಚ್ಚುವುದಿಲ್ಲ, ಆದರೆ ಅರ್ಧ ಗಂಟೆ ಗುರ್ರ್ ಅನ್ನುತ್ತಲೇ ಇರುತ್ತದೆ. ಅತ್ತೆಯ ಧಾರಾವಾಹಿಯ ಹೊತ್ತಿಗೆ ಹಚ್ಚುವಂತಿಲ್ಲ.

ತೊಳೆಯುವುದರಲ್ಲಿ ಟಿಲ್ಟಿಂಗಿಗೂ ಸಾದಾ ಮಾದರಿಗೂ ದೊಡ್ಡ ವ್ಯತ್ಯಾಸ ಇದೆ ಅಂತ ಅಂಗಡಿಯವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಬಗ್ಗಿಸಿ ಹಿಟ್ಟು ಸುರಿಯಲು ಸಲೀಸು, ನಿಜ. ಆದರೆ ತಳದ ಮೂಲೆಯ ಹಿಟ್ಟಿಗೆ ಹೇಗೂ ಕೈಯೇ ಬೇಕು. ಡ್ರಮ್ ಎತ್ತಿ ಸಿಂಕಿಗೆ ಒಯ್ಯುವ ಬದಲು ಎರಡು ಲೋಟ ನೀರು ಹಾಕಿ ಎರಡು ನಿಮಿಷ ಓಡಿಸಿದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಆ ನೀರನ್ನು ಹಿಟ್ಟಿಗೇ ಸೇರಿಸಬಹುದು.

ಜೊತೆಗೆ ಬಂದ ಕಾಯಿ ತುರಿಯುವ ಬಿಡಿಭಾಗ ಡಬ್ಬದಲ್ಲೇ ಇದೆ. ಒಂದು ಹೋಳು ಕಾಯಿಗೆ ಅದನ್ನು ಜೋಡಿಸಿ, ಬಿಚ್ಚಿ, ತೊಳೆಯುವುದಕ್ಕಿಂತ ಈಳಿಗೆ ಮಣೆಯೇ ವಾಸಿ. ಚಪಾತಿ ಹಿಟ್ಟು ಕಲಸುವ ಭಾಗ ಮಾತ್ರ ಮನೆ ತುಂಬ ನೆಂಟರಿದ್ದಾಗ ಕೈ ಹಿಡಿಯುತ್ತದೆ. ಚಟ್ನಿಗೆ ಗ್ರೈಂಡರ್ ಬೇಡವೇ ಬೇಡ. ಸ್ವಲ್ಪ ಹಾಕಿದರೆ ಗುಂಡಿಗೆ ಸಿಗುವುದೇ ಇಲ್ಲ, ಬೆಳ್ಳುಳ್ಳಿ ವಾಸನೆ ಕಲ್ಲಿನಲ್ಲಿ ಕೂತು ಮುಂದಿನ ಇಡ್ಲಿಗೂ ಬರುತ್ತದೆ.

ಇಷ್ಟು ವರ್ಷದಲ್ಲಿ ಬೆಲ್ಟ್ ಬದಲಾಯಿಸಿದ್ದೇವೆ, ಪಕ್ಕದ ಹಿಟ್ಟು ಕೆರೆಯುವ ಪ್ಲಾಸ್ಟಿಕ್ ಪಟ್ಟಿ ಸವೆದು ಹೊಸದು ಹಾಕಿದ್ದೇವೆ. ಮೋಟರ್ ತಂಟೆ ಮಾಡಿಲ್ಲ. ಬೆಲ್ಟ್ ಹೋದಾಗ ಸರ್ವಿಸ್ ಸೆಂಟರಿನವರು ನಾಳೆ ನಾಳೆ ಅಂತ ವಾರಗಟ್ಟಲೆ ಸತಾಯಿಸಿದರು. ಕೊನೆಗೆ ನಮ್ಮ ಬೀದಿಯ ಕೊನೆಯಲ್ಲಿ ಮಿಕ್ಸಿ ರಿಪೇರಿ ಮಾಡುವವರು ಅರ್ಧ ಗಂಟೆಯಲ್ಲಿ ಹಾಕಿಕೊಟ್ಟರು.

ನನ್ನ ನಾದಿನಿ ನ್ಯೂಜೆರ್ಸಿಯಲ್ಲಿದ್ದಾಳೆ. ಇಲ್ಲಿಂದಲೇ ಒಂದು ತಂದುಕೊಡಿ ಅತ್ತಿಗೆ ಅಂದಳು. ಬೇಡ ಅಂದೆ. ಇಲ್ಲಿನದು 230 ವೋಲ್ಟಿನದು, ಅಲ್ಲಿನ ಗೋಡೆಯ ಕರೆಂಟು 120 ವೋಲ್ಟ್. ಅಲ್ಲಿಗೆ ಅಂತಲೇ ಮಾಡಿದ ಮಾದರಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತದೆ, ಅದನ್ನೇ ತೆಗೆದುಕೊಂಡಳು. ಈಗ ಅವಳ ಕನ್ನಡ ಕೂಟದ ಗೆಳತಿಯರಿಗೂ ಶನಿವಾರದ ಹಿಟ್ಟು ಅವಳ ಮನೆಯಿಂದಲೇ ಹೋಗುತ್ತದೆ.

ಯಾರಿಗೆ ಬೇಡ? ಗಂಡ ಹೆಂಡತಿ ಇಬ್ಬರೇ, ಹದಿನೈದು ದಿನಕ್ಕೊಮ್ಮೆ ದೋಸೆ ಅನ್ನುವವರು ದುಡ್ಡು ಉಳಿಸಿಕೊಳ್ಳಿ. ನೀರ್ ದೋಸೆಯೇ ಹೆಚ್ಚು ಮಾಡುವವರಿಗೂ ಬೇಡ, ಅದು ಮಿಕ್ಸಿಯಲ್ಲೇ ಚೆನ್ನಾಗಿ ಆಗುತ್ತದೆ. ಪ್ಯಾಕೆಟ್ ಹಿಟ್ಟು ತರುವವರನ್ನು ನಾನು ಬೈಯುವುದಿಲ್ಲ, ಆದರೆ ಒಂದು ಪ್ಯಾಕೆಟ್ಟಿನಲ್ಲಿ ಪಕ್ಕದ ಮನೆಗೆ ತಟ್ಟೆ ಕಳಿಸುವಷ್ಟು ಆಗುವುದಿಲ್ಲ. ನಾಲ್ಕು ಜನ ಇದ್ದು, ಕೆಲಸಕ್ಕೆ ಹೋಗುವವರಾಗಿದ್ದು, ವಾರಕ್ಕೆ ಎರಡು ರಾತ್ರಿ ಹಿಟ್ಟಿನ ಮೇಲೆ ಕಳೆಯುವವರಾದರೆ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಬರೀ ಬಣ್ಣ ನೋಡಿ ಬರಬೇಡಿ. ಪ್ಲಗ್ ಹಾಕಿಸಿ ಖಾಲಿ ಡ್ರಮ್ಮನ್ನು ಎರಡು ಕ್ಷಣ ತಿರುಗಿಸಿ ನೋಡಿ, ಓಲಾಡಿದರೆ ಬೇರೆ ಪೀಸ್ ಕೇಳಿ. ಗುಂಡುಗಳನ್ನು ಕೈಯಲ್ಲೇ ಬಿಚ್ಚಿ ಹಾಕಿ ನೋಡಿ, ಯಾಕೆಂದರೆ ವಾರವಾರ ತೊಳೆಯಲು ಬಿಚ್ಚಬೇಕಾದವರು ನೀವೇ. ಮನೆಗೆ ತಂದ ಮೇಲೆ ಮೊದಲು ಒಂದೆರಡು ಹಿಡಿ ನೆನೆಸಿದ ಅಕ್ಕಿ ರುಬ್ಬಿ ಚೆಲ್ಲಿ, ಕಲ್ಲಿನ ಪುಡಿ ಹೋಗಲಿ. ಬಿಲ್ಲು ಮಾಡಿಸುವಾಗಲೇ ಅದೇ ಮಾದರಿಯ ಒಂದು ಬೆಲ್ಟನ್ನೂ ಕೇಳಿ ತನ್ನಿ.